ಮಾಡೆಲ್ ಫೈಲಿನಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು

ಮಂಗಳೂರಿನ ತೋಡು, ಚರಂಡಿಗಳಲ್ಲಿ ಮಳೆನೀರು ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಬಳಸುವುದು ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿಯ ಉಚಿತ ಸಾಫ್ಟ್‌ವೇರ್ ಎಸ್‌ಡಬ್ಲ್ಯುಎಂಎಂ. ನಾವು ಹೇಳುವುದು ಸ್ವಿಮ್ ಅಂತ. ಸಭೆಗಳಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಮೊನ್ನೆ ಇಲ್ಲಿ ನೀರು ಕಡಿಮೆ ಅಂದಿದ್ರಲ್ಲ, ಈಗ ಯಾಕೆ ಜಾಸ್ತಿ ಮಾರಾಯ್ರೆ?" ಕೊಟ್ಟಾರ ಚೌಕಿಯಂಥ ಕಡೆ ಪ್ರತಿ ಮಳೆಗಾಲ ರಸ್ತೆಗೆ ನೀರು ನುಗ್ಗುವುದನ್ನು ನೋಡಿದವರು ಕೇಳುವ ಪ್ರಶ್ನೆ ಅದು. ಅವರಿಗೆ ಸರಿಯಾದ ಉತ್ತರ ಸಿಗಲೇಬೇಕು.

ಸ್ವಿಮ್ ಮಾಡೆಲ್, ಅಂದರೆ ಲೆಕ್ಕಕ್ಕೆ ಕೊಡುವ ತೋಡುಗಳ ವಿವರ, ಇರುವುದು ಐಎನ್‌ಪಿ ಎಂಬ ಫೈಲಿನಲ್ಲಿ. ಅದು ಬರೀ ಟೆಕ್ಸ್ಟ್, ನೋಟ್‌ಪ್ಯಾಡಿನಲ್ಲೂ ಓದಬಹುದು. ಹಾಗಾಗಿ ನಾನು ಅದನ್ನು ಗಿಟ್‌ನಲ್ಲಿ, ಅಂದರೆ ಫೈಲಿನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರಿನಲ್ಲಿ, ಇಡುತ್ತೇನೆ. ಸಿಮ್ಯುಲಿಂಕ್ ಎಂಬ ಇನ್ನೊಂದು ಮಾಡೆಲಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇಷ್ಟು ಸುಲಭ ಇಲ್ಲ. ಅವರ ಎಸ್‌ಎಲ್‌ಎಕ್ಸ್ ಫೈಲ್ ಒಳಗಿಂದ ಜಿಪ್, ಗಿಟ್ ಅದರ ಸಾಲುಗಳನ್ನು ತೋರಿಸುವುದಿಲ್ಲ. ಅದರದ್ದೇ ಹೋಲಿಕೆ ಟೂಲ್ ಬೇಕು.

ಒಂದು ಉದಾಹರಣೆ. ಐಎನ್‌ಪಿ ಫೈಲಿನಲ್ಲಿ ತೋಡು, ಪೈಪುಗಳ ಪಟ್ಟಿ ಇರುವ ಕಂಡ್ಯುಯಿಟ್ ವಿಭಾಗದ ಐದನೇ ಕಾಲಂ ತೋಡಿನ ಒರಟುತನ, ಅಂದರೆ ಮ್ಯಾನಿಂಗ್ ಸಂಖ್ಯೆ. ನಯವಾದ ಕಾಂಕ್ರೀಟಿಗೆ ಸಾಮಾನ್ಯವಾಗಿ 0.013 ಹಾಕುತ್ತೇವೆ. ಒಂದು ತೋಡಿಗೆ ನಾನು ಅದನ್ನು 0.025 ಮಾಡಿದೆ. ಒರಟು ಹೆಚ್ಚಾದರೆ ನೀರು ನಿಧಾನ, ಮಟ್ಟ ಜಾಸ್ತಿ. ಡಿಫ್‌ನಲ್ಲಿ, ಅಂದರೆ ಗಿಟ್ ತೋರಿಸುವ ಹಳೇ-ಹೊಸ ವ್ಯತ್ಯಾಸದಲ್ಲಿ, ಕಾಣುವುದು ಆ ಒಂದು ಸಂಖ್ಯೆ ಅಷ್ಟೇ. ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ, ಅಂದರೆ ಕಮಿಟ್ ಮಾಡುವಾಗ, ಅದರ ಸಂದೇಶದಲ್ಲಿ ಹೀಗೆ ಬರೆದೆ: "ಸ್ಥಳಕ್ಕೆ ಹೋಗಿ ನೋಡಿದ್ದು. ಗೋಡೆ ಕೆಂಪುಕಲ್ಲು, ಗಾರೆ ಇಲ್ಲ, ತಳದಲ್ಲಿ ಹೂಳು. ಫೋಟೋ ಇದೇ ಫೋಲ್ಡರಿನಲ್ಲಿದೆ." ಸಭೆಯ ಪ್ರಶ್ನೆಗೆ ಉತ್ತರ ಸಿಗುವುದು ಈ ಸಂದೇಶದಲ್ಲಿ. "ಮಾಡೆಲ್ ಅಪ್‌ಡೇಟ್" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ, ಅಲ್ವಾ? ಒಂದು ಕಮಿಟ್‌ಗೆ ಒಂದೇ ಕಾರಣ ಅಂತ ಇಟ್ಟುಕೊಂಡಿದ್ದೇನೆ. ಒರಟುತನ ಮತ್ತು ತೋಡಿನ ಕೊನೆಯಲ್ಲಿ ನೀರು ಹೊರಬೀಳುವ ಔಟ್‌ಫಾಲ್ ಎರಡನ್ನೂ ಒಟ್ಟಿಗೆ ಬದಲಿಸುವುದಿಲ್ಲ. ಸಮುದ್ರದ ಭರತದ ಪ್ರಭಾವ ಇರುವ ಕಡೆ ಔಟ್‌ಫಾಲನ್ನು 'ಫ್ರೀ'ಯಿಂದ (ಅಡ್ಡಿಯಿಲ್ಲದೆ ಹೊರಬೀಳುವುದು) 'ಟೈಡಲ್'ಗೆ (ಭರತಕ್ಕೆ ತಕ್ಕ ಮಟ್ಟ) ಬದಲಿಸಿದರೆ ತೋಡಿನ ಮೇಲ್ಭಾಗದ ನೀರಿನ ಮಟ್ಟವೂ ಬದಲಾಗಬಹುದು. ಎರಡೂ ಒಂದೇ ಕಮಿಟ್‌ನಲ್ಲಿದ್ದರೆ ಯಾವುದರಿಂದ ಎಷ್ಟು ಅಂತ ಹೇಳುವುದು ಕಷ್ಟ.

ಕಮಿಟ್‌ಗೆ ಮೊದಲು ಡಿಫ್ ಓದುವುದು ನನಗೆ ತುಂಬಾ ಮುಖ್ಯ. ನಕ್ಷೆಯಲ್ಲಿ ಒಂದು ನೋಡ್ (ತೋಡುಗಳು ಸೇರುವ ಬಿಂದು) ಅನ್ನು ಚಂದ ಕಾಣಲಿ ಅಂತ ಸ್ವಲ್ಪ ಸರಿಸಿದರೆ ನಕ್ಷೆಯ ಸ್ಥಾನಗಳಿರುವ ಕೋಆರ್ಡಿನೇಟ್ಸ್ ವಿಭಾಗ ಬದಲಾಗುತ್ತದೆ. ಅದರಿಂದ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಆದರೆ ನಕ್ಷೆಯಿಂದ ಉದ್ದವನ್ನು ತಾನೇ ಲೆಕ್ಕ ಹಾಕುವ ಆಟೋ ಲೆಂತ್ ಆನ್ ಇದ್ದರೆ ತೋಡಿನ ಉದ್ದವೂ ಬದಲಾಗುತ್ತದೆ. ಉದ್ದ ಬದಲಾದರೆ ಇಳಿಜಾರೂ ಬದಲಾಯಿತು! ಹಾಗಾಗಿ ಡಿಫ್‌ನಲ್ಲಿ ಕೋಆರ್ಡಿನೇಟ್ಸ್ ಜೊತೆಗೆ ಕಂಡ್ಯುಯಿಟ್ ಸಾಲೂ ಕಂಡರೆ ಅಲ್ಲೇ ನಿಲ್ಲುತ್ತೇನೆ. ಕಾಲಂಗಳ ನಡುವಿನ ಖಾಲಿ ಜಾಗದಿಂದಾಗಿ ಸುಮ್ನೆ ಸಾಲುಗಳು ಬದಲಾದಂತೆ ಕಂಡರೆ ವರ್ಡ್ ಡಿಫ್ ಬಳಸುತ್ತೇನೆ. ಬದಲಾದ ಸಂಖ್ಯೆ ಮಾತ್ರ ಕಾಣುತ್ತದೆ.

ಮಳೆಯ ಡೇಟಾ ಫೈಲೂ ಅದೇ ರೆಪೊಸಿಟರಿಯಲ್ಲಿ (ಗಿಟ್ ಫೋಲ್ಡರಿನಲ್ಲಿ) ಇರುತ್ತದೆ. ಲೆಕ್ಕದ ಫಲಿತಾಂಶ ಇರುವ ಔಟ್ ಫೈಲ್ ಬೈನರಿ (ಟೆಕ್ಸ್ಟ್ ಅಲ್ಲ), ದೊಡ್ಡದು, ಬೇಕಾದಾಗ ಮತ್ತೆ ಓಡಿಸಿದರೆ ಬರುತ್ತದೆ. ಅದನ್ನು ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಲೆಕ್ಕಿಸದ ಫೈಲುಗಳ ಪಟ್ಟಿಗೆ, ಹಾಕಿದ್ದೇನೆ.

ಯಾರಿಗಾದರೂ ಫಲಿತಾಂಶ ಕಳಿಸಿದ ದಿನ ಆ ಕಮಿಟ್‌ಗೆ ಟ್ಯಾಗ್ (ಹೆಸರಿನ ಗುರುತು) ಹಾಕಿ, ಸ್ವಿಮ್ ಬರೆಯುವ ಅದರ ಆರ್‌ಪಿಟಿ ವರದಿಯನ್ನೂ ಜೊತೆಗೆ ಇಡುತ್ತೇನೆ. ಯಾವ ವರ್ಶನ್, ಯಾವ ಬಿಲ್ಡ್ ಅಂತ ಆ ವರದಿಯ ತಲೆಯಲ್ಲೇ ಇರುತ್ತದೆ. ಇದು ಬೇಕೇ ಬೇಕು. 2022ರಲ್ಲಿ ಬಂದ ಸ್ವಿಮ್ 5.2ರಲ್ಲಿ ರಸ್ತೆ ಬದಿಯ ಇನ್ಲೆಟ್‌ಗಳ (ನೀರು ಚರಂಡಿಗೆ ಇಳಿಯುವ ಬಾಯಿ) ಲೆಕ್ಕ ಹೊಸದಾಗಿ ಸೇರಿತು, 5.1ರಲ್ಲಿ ಅದು ಇರಲಿಲ್ಲ. ಸಾಫ್ಟ್‌ವೇರ್ ಬದಲಿಸಿದಾಗ ಮೊದಲು ಹಳೇ ಟ್ಯಾಗ್‌ನ ಮಾಡೆಲನ್ನು ಏನೂ ಮುಟ್ಟದೆ ಓಡಿಸುತ್ತೇನೆ. ಎರಡು ವರದಿಗಳ ಕಂಟಿನ್ಯುಯಿಟಿ ಎರರ್ (ಒಳಬಂದ, ಹೊರಹೋದ ನೀರಿನ ಲೆಕ್ಕದ ತಪ್ಪು) ಮತ್ತು ನೋಡ್ ಫ್ಲಡಿಂಗ್ (ಯಾವ ನೋಡ್‌ನಲ್ಲಿ ನೀರು ಉಕ್ಕಿತು) ಪಟ್ಟಿಯನ್ನು ಹೋಲಿಸುತ್ತೇನೆ. ಅವು ತಾಳೆಯಾದ ಮೇಲೆಯೇ ಹೊಸ ಕೆಲಸ ಶುರು.