ಕಾರ್ಯಾಗಾರಕ್ಕೆ ಅರ್ಧ ಕೆಜಿ ಮರಳು ಕಟ್ಟಿಕೊಂಡು ಹೋಗಿ

ಮಲೆನಾಡಿನಲ್ಲಿ ಕಟ್ಟಡ ಕೆಲಸದ ಹಂಗಾಮು ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ತರಬೇತಿ ಸಮ್ಮೇಳನಗಳೂ ಎಷ್ಟೋ ಸಲ ಅದೇ ಹೊತ್ತಿಗೆ ಬಂದು ಬೀಳುತ್ತವೆ. ಸ್ಲ್ಯಾಬ್ ಹಾಕುವ ದಿನ ಬಿಟ್ಟು ಬೆಂಗಳೂರಿಗೆ ಹೋಗಿ ಕುರ್ಚಿ ಮೇಲೆ ಕೂರುವುದು ಯಾಕೆ ಎಂದು ತೀರ್ಥಹಳ್ಳಿ, ಹೊಸನಗರ ಕಡೆಯ ಗುತ್ತಿಗೆದಾರರು ಕೇಳಿದರೆ ತಪ್ಪೇನಿಲ್ಲ. ಸುಮ್ಮನೆ ಹೋದರೆ ಸಿಗುವುದು ಒಂದು ಬಟ್ಟೆ ಚೀಲ, ಎರಡು ಪೆನ್ನು, ಮಧ್ಯಾಹ್ನದ ಊಟ. ನಾನು ಹೋಗುವಾಗ ಸೈಟಿನ ಒಂದೇ ಒಂದು ತೊಂದರೆಯನ್ನು ಹಿಡಿದುಕೊಂಡು ಹೋಗುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಹೋದ ಖರ್ಚು ಹುಟ್ಟಿತು ಎಂದೇ ಲೆಕ್ಕ.

ಆಹ್ವಾನ ಪತ್ರಿಕೆ ಬಂದಾಗ ಮೊದಲು ನೋಡುವುದು ಪ್ರಾತ್ಯಕ್ಷಿಕೆಗೆ ಎಷ್ಟು ಹೊತ್ತು ಇಟ್ಟಿದ್ದಾರೆ ಎಂಬುದನ್ನು. ಇಡೀ ದಿನ ಪರದೆ ಮೇಲಿನ ಚಿತ್ರಗಳೇ ಆದರೆ ಹೋಗುವುದಿಲ್ಲ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಎಕ್ಸ್‌ಕಾನ್ ಯಂತ್ರಗಳ ಜಾತ್ರೆ. ಎಕ್ಸ್‌ಕವೇಟರ್, ಬ್ಯಾಚಿಂಗ್ ಪ್ಲಾಂಟ್ ಕೊಳ್ಳುವವರಿಗೆ ಸರಿ. ಸಾವಿರದೈನೂರು ಚದರಡಿಯ ಮನೆ ಕಟ್ಟುವವರಿಗೆ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಗಳೋ ಎಂಜಿನಿಯರಿಂಗ್ ಕಾಲೇಜುಗಳೋ ನಡೆಸುವ ಒಂದೆರಡು ದಿನದ ಕಾರ್ಯಾಗಾರವೇ ವಾಸಿ. ಜುಲೈ, ಆಗಸ್ಟಿನಲ್ಲಿ ಇದ್ದರಂತೂ ಬಿಡಬಾರದು. ಹೇಗೂ ಮಳೆಗೆ ಆಳುಗಳು ಖಾಲಿ ಕೂತಿರುತ್ತಾರೆ.

ಒಬ್ಬನೇ ಹೋಗುವುದಿಲ್ಲ. ಮೇಸ್ತ್ರಿಯನ್ನು, ಆಗುವುದಾದರೆ ಮಿಕ್ಸರ್ ನಡೆಸುವವನನ್ನೂ ಕರೆದುಕೊಂಡು ಹೋಗುತ್ತೇನೆ. ಕಾಂಕ್ರೀಟಿಗೆ ನೀರು ಸುರಿಯುವ ಕೈ ಅವನದು. ನಾವು ಎಷ್ಟು ಕಲಿತು ಬಂದರೂ ಬಕೆಟ್ ಅವನ ಕೈಯಲ್ಲೇ ಇರುತ್ತದೆ. ಆ ದಿನಗಳ ಕೂಲಿ ಹಿಡಿಯಬಾರದು. ಹಿಡಿದರೆ ಮುಂದಿನ ಸಲ ಯಾರೂ ಬರುವುದಿಲ್ಲ. ಇಂಗ್ಲಿಷ್ ಭಾಷಣದ ಹೊತ್ತಿನಲ್ಲಿ ಅವರನ್ನು ಒಳಗೆ ಕೂರಿಸುವುದು ಶಿಕ್ಷೆ. ಹೊರಗೆ ಕಾಂಕ್ರೀಟಿನ ಹದ ನೋಡುವ ಕೋನ್, ಬಲ ಪರೀಕ್ಷೆಯ ಕ್ಯೂಬ್ ಅಚ್ಚು ಇಟ್ಟಿರುವಲ್ಲಿ ಬಿಟ್ಟರೆ ತಾವೇ ಕೈ ಹಾಕುತ್ತಾರೆ.

ಕಟ್ಟಿಕೊಂಡು ಹೋಗುವುದು ಇಷ್ಟು: ಸೈಟಿನ ಅರ್ಧ ಕೆಜಿ ಮರಳು, ತೇವ ಆರದಂತೆ ಎರಡು ಪದರ ಪ್ಲಾಸ್ಟಿಕ್ ಕವರಿನಲ್ಲಿ, ಸಿಮೆಂಟ್ ಚೀಲದ ಮೇಲಿನ ವಿವರದ ಫೋಟೊ, ಜಲ್ಲಿಯ ಫೋಟೊ, ಅಳತೆಪಟ್ಟಿ ಪಕ್ಕಕ್ಕಿಟ್ಟು ತೆಗೆದದ್ದು. "ಕಾಂಕ್ರೀಟ್ ಗಟ್ಟಿ ಬರುತ್ತಿಲ್ಲ" ಎಂದು ಕೇಳಿದರೆ ಯಾರಾದರೂ ನಾಲ್ಕು ಕಾರಣ ಹೇಳಿ ಕಳಿಸುತ್ತಾರೆ. ಮರಳನ್ನೇ ಎದುರಿಗಿಟ್ಟು "ಇದು, ಒಂದು ಚೀಲದ ಮಿಕ್ಸರ್, ಜೂನ್ ಮೊದಲ ವಾರ, ನೀರು ಎಷ್ಟು ಹಾಕಲಿ?" ಎಂದು ಕೇಳಿದರೆ ಪ್ರಯೋಗಾಲಯದವರೂ ತೋಳು ಮಡಚಿ ಎದ್ದು ಬರುತ್ತಾರೆ.

ನನಗೆ ಹೆಚ್ಚು ಲಾಭವಾಗಿರುವುದು ಈ ನೀರಿನ ಲೆಕ್ಕದಿಂದಲೇ. ಒದ್ದೆ ಮರಳು ಎರಡು ಕಡೆ ಮೋಸ ಮಾಡುತ್ತದೆ. ಒಂದು, ಅದು ಉಬ್ಬಿರುತ್ತದೆ, ಹಾಗಾಗಿ ಅಳತೆಯ ಪೆಟ್ಟಿಗೆ ತುಂಬಿದರೂ ಒಳಗೆ ಮರಳು ಕಡಿಮೆ. ಇನ್ನೊಂದು, ಅದರೊಳಗಿನ ನೀರನ್ನು ಯಾರೂ ಎಣಿಸುವುದಿಲ್ಲ. ಉಬ್ಬು ನೋಡಲು ನೇರ ಗೋಡೆಯ ಗಾಜಿನ ಜಾಡಿ ಸಾಕು. ಕುಟ್ಟದೆ ಮರಳು ತುಂಬಿ ಎತ್ತರ ಅಳೆಯಿರಿ, 20 ಸೆಂ.ಮೀ. ಎನ್ನೋಣ. ಮರಳನ್ನು ಹೊರಗೆ ಸುರಿದು, ಜಾಡಿಗೆ ಅರ್ಧ ನೀರು ಹಾಕಿ, ಅದೇ ಮರಳನ್ನು ವಾಪಸು ಹಾಕಿ ಕಡ್ಡಿಯಿಂದ ಕಲಕಿ ಬಿಡಿ. ತಳ ಸೇರಿದ ಮೇಲೆ 16 ಸೆಂ.ಮೀ.ಗೆ ಇಳಿದಿದ್ದರೆ ಉಬ್ಬು ಶೇ. 25. ಹಾಗಿದ್ದರೆ ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಹಾಕುವಲ್ಲಿ ಹತ್ತಿರಹತ್ತಿರ ಎರಡು ಪೆಟ್ಟಿಗೆ ಬೇಕು. ಪೆಟ್ಟಿಗೆಯ ಒಳ ಅಳತೆ 40, 35, 25 ಸೆಂ.ಮೀ., ಅಂದರೆ 35 ಲೀಟರ್, ಒಂದು ಚೀಲ ಸಿಮೆಂಟಿನ ಗಾತ್ರ. ಬಾಂಡಲಿ ಲೆಕ್ಕದಲ್ಲಿ ಈ ತಿದ್ದುಪಡಿ ಮಾಡಲಾಗದು. ಒಬ್ಬರ ಬಾಂಡಲಿ ರಾಶಿ, ಇನ್ನೊಬ್ಬರದು ಮಟ್ಟ.

ತೇವಕ್ಕೆ ಒಲೆ ಬೇಕು. ಒಂದು ಕೆಜಿ ಮರಳನ್ನು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ ಮತ್ತೆ ತೂಗಿದಾಗ 940 ಗ್ರಾಂ ಬಂದರೆ ನೀರು 60 ಗ್ರಾಂ, ಒಣ ಮರಳಿನ ಶೇ. 6ಕ್ಕೆ ಮೇಲೆ. ಸಿಮೆಂಟ್, ಮರಳು, ಜಲ್ಲಿ 1:1½:3ರ ಮಿಶ್ರಣದಲ್ಲಿ 50 ಕೆಜಿಯ ಚೀಲವೊಂದಕ್ಕೆ ಬೀಳುವ ಒಣ ಮರಳು ಸುಮಾರು 78 ಕೆಜಿ. ಅದರ ಜೊತೆ 5 ಲೀಟರ್ ನೀರು ಬಂದೇ ಬಿಟ್ಟಿರುತ್ತದೆ. ಕಣ ಹೀರಿಕೊಂಡದ್ದನ್ನು ಬಿಟ್ಟರೂ 4 ಲೀಟರ್ ಲೆಕ್ಕಕ್ಕೆ ಸೇರುತ್ತದೆ. ರೂಢಿಯ 27 ಲೀಟರನ್ನೇ ಸುರಿದರೆ ನಿಜದಲ್ಲಿ 31 ಆಗಿ, ನೀರು-ಸಿಮೆಂಟ್ ಅನುಪಾತ 0.54ರಿಂದ 0.62ಕ್ಕೆ ಹಾರುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸೌಮ್ಯ ವಾತಾವರಣದಲ್ಲೂ ಆರ್‌ಸಿಸಿಗೆ 0.55 ದಾಟುವಂತಿಲ್ಲ. ಕೆಲಸದವರಿಗೆ ಈ ದಶಾಂಶ ಹೇಳಿ ಪ್ರಯೋಜನವಿಲ್ಲ, ಬಕೆಟ್ಟಿಗೆ 23 ಲೀಟರಿನ ಕಡೆ ಕೆಂಪು ಬಣ್ಣದ ಗೆರೆ ಎಳೆದರೆ ಮುಗಿಯಿತು. ಮಳೆ ಬಂದು ಹೋದ ಮೇಲೆ ಮತ್ತೆ ಹುರಿಯಬೇಕು, ಗೆರೆ ಬದಲಾಗುತ್ತದೆ.

ಅಲ್ಲಿ ಹೇಳಿದ್ದೆಲ್ಲ ಇಲ್ಲಿ ನಡೆಯುವುದಿಲ್ಲ. ಹೊರಗೋಡೆಗೆ ಹಚ್ಚುವ ಪಾಲಿಮರ್ ಲೇಪನವನ್ನು ಮಳಿಗೆಯಲ್ಲಿ ಒಣ ಹಲಗೆಯ ಮೇಲೆ ತೋರಿಸುತ್ತಾರೆ. ಆಗುಂಬೆ ಕಡೆಯ ಗೋಡೆ ಜೂನ್‌ನಲ್ಲಿ ನೆನೆದರೆ ಅಕ್ಟೋಬರ್‌ವರೆಗೂ ಆರುವುದಿಲ್ಲ. ಒಳಗಿನ ತೇವ ದಾರಿ ಕಾಣದೆ ಲೇಪನವನ್ನು ಗುಳ್ಳೆ ಎಬ್ಬಿಸಿ ಕಿತ್ತುಹಾಕುತ್ತದೆ. ಅದನ್ನು ಮಾರ್ಚ್, ಏಪ್ರಿಲ್‌ನಲ್ಲೇ ಹಚ್ಚಬೇಕು. ಗಿಲಾವಿನ ಪ್ರಾತ್ಯಕ್ಷಿಕೆ ಸಿಮೆಂಟ್ ಬ್ಲಾಕಿನ ಮೇಲೆ. ನಮ್ಮ ಜಂಬಿಟ್ಟಿಗೆ ಕಲ್ಲು ರಂಧ್ರದ ಕಲ್ಲು, ಮೊದಲೇ ನೀರು ಕುಡಿಸದಿದ್ದರೆ ಗಾರೆಯ ನೀರನ್ನೇ ಎಳೆದುಕೊಂಡು ಗಿಲಾವು ಪೊಳ್ಳಾಗುತ್ತದೆ. ಹೆಂಚು ಹೊದಿಸುವ ಇಳಿಜಾರು ಸ್ಲ್ಯಾಬಿನ ಬಗ್ಗೆ ಬಯಲುಸೀಮೆಯವರು ತಾವಾಗಿ ಬಾಯಿ ಬಿಡುವುದು ಕಡಿಮೆ, ಕೇಳಬೇಕು. ಕೇಳಿದರೆ ಉತ್ತರ ಸರಳ: ಸ್ಲಂಪ್, ಅಂದರೆ ಕೋನ್ ಎತ್ತಿದಾಗ ಕಾಂಕ್ರೀಟ್ ಕುಸಿಯುವ ಅಳತೆ, 50 ಮಿ.ಮೀ. ಆಸುಪಾಸಿನಲ್ಲಿರಲಿ, ಸೂರಿನ ಕಡೆಯಿಂದ ಮೇಲಕ್ಕೆ ಹಾಕುತ್ತ ಹೋಗಿ, ವೈಬ್ರೇಟರನ್ನು ಒಂದೇ ಕಡೆ ಹಿಡಿದು ನಿಲ್ಲಬೇಡಿ, ಜಾರುತ್ತದೆ.

ಕಡಿಮೆ ನೀರಿನಲ್ಲೇ ಕಾಂಕ್ರೀಟ್ ಸಡಿಲವಾಗಲೆಂದು ಮಿಶ್ರಣಕ್ಕೆ ಹಾಕುವ ಪ್ಲಾಸ್ಟಿಸೈಜರ್ ಮಾದರಿಯನ್ನು ಪುಕ್ಕಟೆ ಕೊಟ್ಟರೆ ತನ್ನಿ, ಆದರೆ ನೇರ ಸ್ಲ್ಯಾಬಿಗೆ ಸುರಿಯಬೇಡಿ. ಸಾಮಾನ್ಯ ಪ್ರಮಾಣ ಸಿಮೆಂಟಿನ ಶೇ. 0.5ರಿಂದ 1, ಚೀಲಕ್ಕೆ 250ರಿಂದ 500 ಗ್ರಾಂ. ಡಬ್ಬದ ಮೇಲೆ ಬರೆದದ್ದೇ ಅಂತಿಮ. ಮಿಶ್ರಣ ಒದ್ದೆಯಾದ ಮೇಲೆ ಕೊನೆಯ ನೀರಿನೊಂದಿಗೆ ಹಾಕಬೇಕು. ಒಣ ಸಿಮೆಂಟಿನ ಮೇಲೆ ಬಿದ್ದರೆ ಅಲ್ಲೇ ಹೀರಿಕೊಂಡು ವ್ಯರ್ಥ. ಜಾಸ್ತಿಯಾದರೆ ಮೇಲೆ ನೀರು ತೇಲುತ್ತದೆ, ಗಟ್ಟಿಯಾಗುವುದು ತಡವಾಗುತ್ತದೆ. ಹಾಕಿಯೂ ನೀರು ಕಡಿಮೆ ಮಾಡದಿದ್ದರೆ ದುಡ್ಡು ದಂಡ.

ಕಾರ್ಮಿಕರ ವಿಷಯದಲ್ಲಿ ಎರಡು ಕೆಲಸ ಅಲ್ಲೇ ವಿಚಾರಿಸಿಕೊಳ್ಳಿ. ಕೆಲಸ ಬಲ್ಲವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ವ್ಯವಸ್ಥೆ ಒಂದು. ಇನ್ನೊಂದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ: ವಯಸ್ಸು 18ರಿಂದ 60ರೊಳಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ. ಆ 90 ದಿನಕ್ಕೆ ದಾಖಲೆ ಬೇಕಾದ್ದರಿಂದ ಹಾಜರಿ ಪುಸ್ತಕ ಸರಿಯಾಗಿಡಿ.

ವಾಪಸಾದ ಮೇಲೆ ಹದಿನೈದು ದಿನದೊಳಗೆ ಒಂದೇ ಒಂದು ಬದಲಾವಣೆ. ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ, ಮೇಸ್ತ್ರಿಗೂ ರೇಗುತ್ತದೆ. ಬದಲಾವಣೆಗೆ ಮೊದಲು 150 ಮಿ.ಮೀ.ನ ಮೂರು ಕ್ಯೂಬ್, ಆಮೇಲೆ ಮೂರು. ಅಚ್ಚಿನಿಂದ ಬಿಚ್ಚಿದ ಕೂಡಲೇ ದಿನಾಂಕವನ್ನು ಪೇಂಟಿನಲ್ಲಿ ಬರೆದು ತೊಟ್ಟಿಗೆ ಇಳಿಸಿ, ಸೀಮೆಸುಣ್ಣದಲ್ಲಿ ಬರೆದದ್ದು ನೀರಿನಲ್ಲಿ ಅಳಿಸಿ ಯಾವುದು ಯಾವುದೆಂದು ಗೊತ್ತಾಗದೆ ಹೋಗುತ್ತದೆ. ಆರನ್ನೂ ಅವವುಗಳ 28ನೆಯ ದಿನ ಒಂದೇ ಪ್ರಯೋಗಾಲಯದಲ್ಲಿ ಒಡೆಸಿ.