ಜಿಡಿಬಿಯನ್ನೇ ಬೋರ್ಡ್ ಪಕ್ಕಕ್ಕೆ ಕಳಿಸಿದೆ: ಎಕ್ಲಿಪ್ಸ್‌ನಿಂದ ದೂರದ ಡಿಬಗ್ಗಿಂಗ್, ನನ್ನ ಅನುಭವ

ದೂರದ ಸೈಟ್‌ನಲ್ಲಿರುವ ಬೋರ್ಡನ್ನು ನನ್ನ ಲ್ಯಾಪ್‌ಟಾಪ್‌ನ ಎಕ್ಲಿಪ್ಸ್‌ನಿಂದಲೇ (ಕೋಡ್ ಬರೆದು ಪರೀಕ್ಷಿಸುವ ಸಾಫ್ಟ್‌ವೇರ್) ಡಿಬಗ್ ಮಾಡೋಣ, ಅಂದರೆ ತಪ್ಪು ಹುಡುಕೋಣ, ಅಂತ ಮೊದಲು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಬ್ರೇಕ್‌ಪಾಯಿಂಟ್ (ಕೋಡನ್ನು ಒಂದು ಸಾಲಿನಲ್ಲಿ ನಿಲ್ಲಿಸುವ ಗುರುತು) ಅನ್ನೋದು ಮೇಜಿನ ಮೇಲಿರೋ ಬೋರ್ಡ್‌ಗೆ. ದೂರದ್ದಕ್ಕೆ ಲಾಗ್ ಹಾಕು, ಸಾಲದಿದ್ದರೆ ಸೈಟ್‌ಗೆ ಹೋಗು" ಅಂದರು. ಸೈಟ್‌ಗೆ ಹೋಗಿ ಹೋಗಿ ಸಾಕಾಗಿಯೇ ನಾನು ಇದಕ್ಕೆ ಕೈ ಹಾಕಿದ್ದು. ಈಗ ಕೆಲಸ ಮಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೋರ್ಡ್ ಒಂದು ಪಂಪ್ ಕಂಟ್ರೋಲರ್. ಎಸ್‌ಟಿಎಂ32ಎಫ್407 ಚಿಪ್, ಮೇಲೆ ಫ್ರೀಆರ್‌ಟಿಒಎಸ್ ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಂ. ಎಂಟು ಹತ್ತು ದಿನಕ್ಕೊಮ್ಮೆ ಹ್ಯಾಂಗ್ ಆಗುತ್ತಿತ್ತು, ವಾಚ್‌ಡಾಗ್ (ಹ್ಯಾಂಗ್ ಆದರೆ ಚಿಪ್ಪನ್ನು ಮತ್ತೆ ಶುರು ಮಾಡುವ ಟೈಮರ್) ಬಂದು ರೀಸೆಟ್ ಮಾಡುತ್ತಿತ್ತು. ನನ್ನ ಮೇಜಿನ ಮೇಲೆ ಒಂದು ಸಲವೂ ಆಗಲಿಲ್ಲ. ಐದು ಸಲ ಸೈಟ್‌ಗೆ ಹೋದೆ, ಐದೂ ಸಲ ನಾನಿದ್ದಷ್ಟು ದಿನ ಚೆನ್ನಾಗಿ ಓಡಿತು. ಆ ಐದು ಪ್ರಯಾಣದ ದುಡ್ಡು ಕೂಡಿಸಿದರೆ ನೆಟ್‌ವರ್ಕ್ ಪೋರ್ಟ್ ಇರುವ ಒಳ್ಳೆ ಪ್ರೋಬ್ (ಚಿಪ್‌ಗೆ ಸಿಕ್ಕಿಸುವ ಡಿಬಗ್ ಸಾಧನ) ಒಂದು ಬರುತ್ತಿತ್ತು. ಕಸ್ಟಮರ್ ಎರಡನೇ ಪ್ರಯಾಣದ ನಂತರ ಖರ್ಚು ಕೊಡುವುದನ್ನು ನಿಲ್ಲಿಸಿದರು. ಉಳಿದ ಮೂರು ನನ್ನ ಕೈಯಿಂದಲೇ ಹೋದವು.

ಮೊದಲು ಎಲ್ಲರೂ ಮಾಡುವ ಹಾಗೇ ಮಾಡಿದೆ. ಬೋರ್ಡ್ ಪಕ್ಕ ಒಂದು ರಾಸ್ಪ್‌ಬೆರಿ ಪೈ ಝೀರೋ (ಅಂಗೈಯಷ್ಟರ ಲಿನಕ್ಸ್ ಕಂಪ್ಯೂಟರ್), ಅದರ ಜಿಪಿಐಒ ಪಿನ್‌ಗಳಿಂದ ಚಿಪ್‌ಗೆ ಎಸ್‌ಡಬ್ಲ್ಯೂಡಿ (ಎರಡು ವೈರಿನ ಡಿಬಗ್ ಲೈನ್), ಪೈ ಒಳಗೆ ಆ ಲೈನ್ ನಡೆಸುವ ಓಪನ್‌ಒಸಿಡಿ ಪ್ರೋಗ್ರಾಂ. ಅದರ 3333 ಪೋರ್ಟನ್ನು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತ ದಾರಿ) ಟನಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ತಂದು, ಎಕ್ಲಿಪ್ಸ್‌ನ ಸಿ ಭಾಷೆಯ ಭಾಗವಾದ ಸಿಡಿಟಿಯಿಂದ, ಅದು ಬಳಸುವ ಜಿಡಿಬಿ ಡಿಬಗರ್ ಮೂಲಕ ಕನೆಕ್ಟ್ ಮಾಡಿದೆ. ಮನೆಯ ವೈಫೈಯಲ್ಲಿ ಬೆಣ್ಣೆಯ ಹಾಗೆ ಓಡಿತು. ಸೈಟ್‌ನಲ್ಲಿ ಮೊಬೈಲ್ ಡೇಟಾ ಮಾತ್ರ ಇತ್ತು. ಪಿಂಗ್ (ಒಂದು ಸಲ ಹೋಗಿ ಬರುವ ಸಮಯ) 150ರಿಂದ 200 ಮಿಲಿಸೆಕೆಂಡ್. ಅಲ್ಲಿ ಒಂದು ಸಲ ಸ್ಟೆಪ್ (ಕೋಡ್‌ನಲ್ಲಿ ಒಂದು ಸಾಲು ಮುಂದೆ) ಒತ್ತಿದರೆ ಆರೇಳು ಸೆಕೆಂಡ್ ಕಾಯಬೇಕಿತ್ತು.

ಎರಡು ವಾರ ಇದನ್ನು ಸರಿಮಾಡಲು ಹೋಗಿ ಹಾಳಾಯಿತು. ರಿಮೋಟ್ ಟೈಮ್‌ಔಟ್ ಡೀಫಾಲ್ಟ್ 2 ಸೆಕೆಂಡ್, ಅದನ್ನು 20ಕ್ಕೆ ಏರಿಸಿದೆ. ಕನೆಕ್ಷನ್ ಬೀಳುವುದು ನಿಂತಿತು, ವೇಗ ಮಾತ್ರ ಅಷ್ಟೇ. ರಿಜಿಸ್ಟರ್ ವ್ಯೂ, ವೇರಿಯಬಲ್ ವ್ಯೂ ಎಲ್ಲ ಮುಚ್ಚಿದೆ. ಮೂರು ಸೆಕೆಂಡ್‌ಗೆ ಇಳಿಯಿತು. ಆದರೆ ವೇರಿಯಬಲ್ ಕಾಣದ ಡಿಬಗರ್ ಇಟ್ಟುಕೊಂಡು ಏನು ಮಾಡುವುದು, ಅಲ್ವಾ? ಕೊನೆಗೆ ರಿಮೋಟ್ ಲಾಗ್ ಆನ್ ಮಾಡಿ ಕೂತು ಎಣಿಸಿದೆ. ಒಂದು ಸ್ಟೆಪ್‌ಗೆ ಸುಮಾರು ಮೂವತ್ತು ನಲವತ್ತು ಪ್ಯಾಕೆಟ್. ಪ್ರತಿಯೊಂದೂ ಹೋಗಿ, ಉತ್ತರ ಬಂದ ಮೇಲೇ ಮುಂದಿನದು.

ಅಲ್ಲಿ ತಲೆಗೆ ಹೊಳೆಯಿತು. ಜಾಸ್ತಿ ಮಾತಾಡುವುದು ಜಿಡಿಬಿ ಮತ್ತು ಓಪನ್‌ಒಸಿಡಿ. ಎಕ್ಲಿಪ್ಸ್ ಮತ್ತು ಜಿಡಿಬಿ ನಡುವಿನ ಮಾತು, ಅಂದರೆ ಎಂಐ ಪ್ರೋಟೊಕಾಲ್, ಅದಕ್ಕಿಂತ ಎಷ್ಟೋ ಕಡಿಮೆ. ಹಾಗಿದ್ದ ಮೇಲೆ ಮಾತುಗಾರರಿಬ್ಬರನ್ನೂ ಒಂದೇ ಕಡೆ ಕೂರಿಸಬೇಕು. ಜಿಡಿಬಿ ಪೈ ಮೇಲೆ ಓಡಲಿ, ದೂರದ ದಾರಿಯಲ್ಲಿ ಎಂಐ ಮಾತ್ರ ಹೋಗಲಿ. ದುಬಾರಿ ಪ್ರೋಬ್ ಕೊಂಡಿದ್ದರೂ ಜಿಡಿಬಿ ನನ್ನ ಲ್ಯಾಪ್‌ಟಾಪ್‌ನಲ್ಲೇ ಇರುತ್ತಿತ್ತು, ಕಾಯುವುದೂ ತಪ್ಪುತ್ತಿರಲಿಲ್ಲ.

ಸಿಡಿಟಿಯ ಡಿಬಗ್ ಭಾಗವಾದ ಡಿಎಸ್‌ಎಫ್ ಕೋಡ್ ಓದಿದವರಿಗೆ ಗೊತ್ತು, ಅದು ದೊಡ್ಡ ಕಾಡು. ಆದರೆ ನಾನು ಮುಟ್ಟಿದ್ದು ಸ್ವಲ್ಪವೇ. ಸರ್ವೀಸ್ ಫ್ಯಾಕ್ಟರಿಯಿಂದ ನನ್ನದೇ ಜಿಡಿಬಿ ಬ್ಯಾಕೆಂಡ್ ಕ್ಲಾಸ್ ಕೊಟ್ಟೆ. ಅದರಲ್ಲಿ ಪ್ರಾಸೆಸ್ ಶುರು ಮಾಡುವ ಮೆಥಡ್ ಮಾತ್ರ ಬದಲಿಸಿ, ಲೋಕಲ್ ಜಿಡಿಬಿ ಬದಲು ಎಸ್‌ಎಸ್‌ಎಚ್ ಮೂಲಕ ಪೈ ಮೇಲಿನ ಜಿಡಿಬಿ-ಮಲ್ಟಿಆರ್ಚ್ (ಬೇರೆ ಬೇರೆ ಬಗೆಯ ಚಿಪ್‌ಗೆ ಆಗುವ ಜಿಡಿಬಿ) ಎಬ್ಬಿಸಿದೆ. ಆಮೇಲೆ ಲಾಂಚ್ ಸೀಕ್ವೆನ್ಸ್‌ನಲ್ಲಿ ಒಂದು ಹೆಜ್ಜೆ ತಿದ್ದಿದೆ. ಎಕ್ಲಿಪ್ಸ್ ಕಳಿಸುವ ಎಲ್ಫ್ (ಬಿಲ್ಡ್ ಆದ ಪ್ರೋಗ್ರಾಂ) ಫೈಲ್ ಪಾತ್ ಲ್ಯಾಪ್‌ಟಾಪ್‌ನದ್ದು, ಪೈ ಮೇಲೆ ಆ ಫೈಲೇ ಇರುವುದಿಲ್ಲ. ಒಟ್ಟು ಆರುನೂರು ಸಾಲು ಜಾವಾ ಇರಬಹುದು.

ಮೊದಲ ದಿನವೇ ಸ್ಟೆಪ್ ಅರ್ಧ ಸೆಕೆಂಡ್ ಆಸುಪಾಸಿಗೆ ಬಂತು, ಎಲ್ಲ ವ್ಯೂ ತೆರೆದಿದ್ದರೂ. ಆಗುವುದಿಲ್ಲ ಅಂದವರಿಗೆ ಅವತ್ತೇ ಸ್ಕ್ರೀನ್ ತೋರಿಸಿದೆ.

ಆದರೆ ಪಾಸ್ (ಓಡುವ ಪ್ರೋಗ್ರಾಂ ನಿಲ್ಲಿಸುವ) ಬಟನ್ ಸತ್ತುಹೋಗಿತ್ತು. ಎಕ್ಲಿಪ್ಸ್ ಜಿಡಿಬಿಯನ್ನು ನಿಲ್ಲಿಸಲು ಇಂಟರಪ್ಟ್ ಸಿಗ್ನಲ್ ಕಳಿಸುತ್ತದೆ. ಅದು ಈ ಕಡೆಯ ಎಸ್‌ಎಸ್‌ಎಚ್‌ಗೆ ತಗಲಿ ಸೆಷನ್ನೇ ಸಾಯುತ್ತಿತ್ತು. ಟರ್ಮಿನಲ್ ಅಲಾಟ್ ಮಾಡಿ ಕಂಟ್ರೋಲ್-ಸಿ ಕಳಿಸಿ ನೋಡಿದೆ. ಆಗ ಕಳಿಸಿದ ಕಮಾಂಡೆಲ್ಲ ಎಕೋ ಆಗಿ ವಾಪಸ್ ಬಂದು ಎಂಐ ಪಾರ್ಸರ್ ಗೊಂದಲಕ್ಕೆ ಬಿತ್ತು. ನಾಲ್ಕು ದಿನ ಇದರಲ್ಲೇ ಹೋಯಿತು. ಕೊನೆಗೆ ಉತ್ತರ ಒಂದೇ ಸಾಲು: ಟಾರ್ಗೆಟ್‌ಗೆ ಕನೆಕ್ಟ್ ಆಗುವ ಮೊದಲೇ ಎಂಐ-ಅಸಿಂಕ್ (ಪ್ರೋಗ್ರಾಂ ಓಡುವಾಗಲೂ ಜಿಡಿಬಿ ಕಮಾಂಡ್ ಕೇಳುವ ಸೆಟ್ಟಿಂಗ್) ಆನ್ ಮಾಡುವುದು, ಪಾಸ್‌ಗೆ ಸಿಗ್ನಲ್ ಬದಲು ಎಂಐನ ಇಂಟರಪ್ಟ್ ಕಮಾಂಡ್ ಕಳಿಸುವುದು. ಎಂಐ-ಅಸಿಂಕ್ ಅನ್ನುವ ಹೆಸರು ಜಿಡಿಬಿ 7.8ರಿಂದ ಇದೆ.

ಇನ್ನೊಂದು ಪೆಟ್ಟು ಹಳೆಯ ಎಲ್ಫ್ ಫೈಲ್‌ನಿಂದ. ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಹೊಸದು, ಚಿಪ್‌ನಲ್ಲೂ ಹೊಸದು, ಪೈ ಮೇಲೆ ಮಾತ್ರ ಹಿಂದಿನ ದಿನದ್ದು. ಬ್ರೇಕ್‌ಪಾಯಿಂಟ್ ಸಂಬಂಧವೇ ಇಲ್ಲದ ಸಾಲಿನಲ್ಲಿ ನಿಲ್ಲುತ್ತಿತ್ತು. ನಾನು ಸ್ಟಾಕ್ ಹಾಳಾಗಿದೆ ಅಂದುಕೊಂಡು ಎರಡು ದಿನ ಹುಡುಕಿದೆ. ಈಗ ಲಿಂಕರ್‌ಗೆ ಬಿಲ್ಡ್-ಐಡಿ (ಆ ಬಿಲ್ಡ್‌ನ ಗುರುತು) ಹಾಕಲು ಹೇಳಿ, ಆ 20 ಬೈಟ್‌ಗಳನ್ನು ಫ್ಲ್ಯಾಶ್‌ನಲ್ಲೇ ಇಟ್ಟಿದ್ದೇನೆ. ಸೆಷನ್ ಶುರುವಾಗುವ ಮೊದಲು ಪ್ಲಗಿನ್ ಮೂರು ಕಡೆಯದ್ದನ್ನೂ ಹೋಲಿಸುತ್ತದೆ. ಒಂದು ಬೇರೆಯಾದರೂ ಶುರು ಮಾಡುವುದಿಲ್ಲ. ಎಲ್ಫ್ ಕಳಿಸಲು ಆರ್‌ಸಿಂಕ್ ಸಾಕು. ಮೂರು ಎಂಬಿ ಫೈಲ್‌ನಲ್ಲಿ ಬದಲಾದ ಚೂರು ಮಾತ್ರ ಹೋಗುತ್ತದೆ.

ನನಗೆ ಅತಿ ಹೆಚ್ಚು ಭಯ ಇದ್ದದ್ದು ಲಿಂಕ್ ಕಡಿಯುವುದರ ಬಗ್ಗೆ. ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಾಗ ನೆಟ್‌ವರ್ಕ್ ಹೋದರೆ ಆ ಕಡೆ ಪಂಪ್ ಕಂಟ್ರೋಲರ್ ನಿಂತೇ ಇರುತ್ತದೆ. ಒಂದು ರಾತ್ರಿ ಹಾಗೇ ಆಯಿತು. ಬೆಳಿಗ್ಗೆ ಕಸ್ಟಮರ್ ಫೋನ್‌ನಲ್ಲಿ ಕೇಳಿದ ಮಾತು ಇನ್ನೂ ನೆನಪಿದೆ. ಈಗ ಎಸ್‌ಎಸ್‌ಎಚ್ ಸರ್ವರ್ 15 ಸೆಕೆಂಡ್‌ಗೊಮ್ಮೆ ನಾನು ಇದ್ದೀನಾ ಅಂತ ಕೇಳುತ್ತದೆ, ಎರಡು ಸಲ ಉತ್ತರ ಇಲ್ಲದಿದ್ದರೆ ಸೆಷನ್ ಮುಚ್ಚುತ್ತದೆ. ಅದರ ಜೊತೆ ಜಿಡಿಬಿ ಸಾಯುತ್ತದೆ. ಆಗ ಓಪನ್‌ಒಸಿಡಿಯಲ್ಲಿ ಜಿಡಿಬಿ-ಡಿಟ್ಯಾಚ್ ಈವೆಂಟ್ ಬರುತ್ತದೆ, ಅಲ್ಲಿ ರೆಸ್ಯೂಮ್ ಅಂತ ಬರೆದಿದ್ದೇನೆ. ಅರ್ಧ ನಿಮಿಷದ ಸುಮಾರಿಗೆ ಬೋರ್ಡ್ ತಾನೇ ಓಡಲು ಶುರು. ಓಪನ್‌ಒಸಿಡಿಗೆ ಪಾಸ್‌ವರ್ಡ್ ಅನ್ನೋದೇ ಇಲ್ಲ, ಹಾಗಾಗಿ ಅದರ ಪೋರ್ಟ್ ಪೈ ಹೊರಗೆ ಕಾಣಲೇಬಾರದು. ಪೈ ತಾನೇ ಹೊರಕ್ಕೆ ರಿವರ್ಸ್ ಟನಲ್ ತೆರೆಯುತ್ತದೆ.

ಹಾರ್ಡ್‌ವೇರ್ ಕಡೆ ಎರಡು ಬೋರ್ಡ್, ಒಂದು ಪೈ ಸುಟ್ಟೆ. ಮೋಟಾರ್ ಡ್ರೈವರ್ ಪಕ್ಕ ಉದ್ದದ ಜಂಪರ್ ವೈರ್ ಎಳೆದರೆ ಎಸ್‌ಡಬ್ಲ್ಯೂಡಿ ಸ್ಥಿರವಾಗಿ ಓಡುವುದಿಲ್ಲ. ಕ್ಲಾಕ್ 1000 ಕಿಲೋಹರ್ಟ್ಜ್‌ನಿಂದ 200ಕ್ಕೆ ಇಳಿಸಿ, ವೈರ್ ಒಂದು ಗೇಣಿಗೆ ಕಡಿಮೆ ಮಾಡಿ, ಎರಡೂ ಲೈನ್‌ಗೆ 100 ಓಮ್ ರೆಸಿಸ್ಟರ್ ಹಾಕಿದ ಮೇಲೆ ಸ್ಥಿರವಾಯಿತು. ಸುಟ್ಟದ್ದನ್ನೂ ಸೇರಿಸಿದರೆ ಕೂಡ ಆ ಕಮರ್ಷಿಯಲ್ ಪ್ರೋಬ್‌ನ ಬೆಲೆಗೆ ನನ್ನ ಬಾಕ್ಸ್ ಎಂಟು ಹತ್ತು ಕಟ್ಟಬಹುದು.

ನಡುವೆ ಸುಮ್ನೆ ಕುತೂಹಲಕ್ಕೆ ಇಎಸ್‌ಪಿ8266 ವೈಫೈ ಚಿಪ್ ಮೇಲೆ ಬ್ಲ್ಯಾಕ್ ಮ್ಯಾಜಿಕ್ ಪ್ರೋಬ್ ಅನ್ನುವ ಡಿಬಗ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಮೇಜಿನ ಮೇಲೆ ಮುದ್ದಾಗಿದೆ. ಆದರೆ ಜಿಡಿಬಿ ಮತ್ತೆ ಈ ಕಡೆಗೇ ಬರುತ್ತದೆ, ಕೈಬಿಟ್ಟೆ. ಜಿಡಿಬಿ 14ರಲ್ಲಿ ಡಿಎಪಿ (ವಿಎಸ್ ಕೋಡ್ ಎಡಿಟರ್ ಡಿಬಗರ್ ಜೊತೆ ಮಾತಾಡುವ ಪ್ರೋಟೊಕಾಲ್) ಒಳಗೇ ಬಂದಿರುವುದರಿಂದ ಇದೇ ಕೆಲಸವನ್ನು ವಿಎಸ್ ಕೋಡ್‌ನಲ್ಲೂ ಒಂದು ಭಾನುವಾರ ಮಾಡಿದೆ. ಎಕ್ಸ್‌ಟೆನ್ಷನ್ ನೂರು ಸಾಲೂ ಆಗಲಿಲ್ಲ. ಆದರೂ ನಾನು ಎಕ್ಲಿಪ್ಸ್‌ನಲ್ಲೇ ಉಳಿದೆ. ಅಲ್ಲಿ ವೇರಿಯಬಲ್ ಅಪ್‌ಡೇಟ್‌ಗಳನ್ನು ಒಟ್ಟುಗೂಡಿಸುವ ನನ್ನದೊಂದು ಪದರ ಇದೆ, ಅರ್ಧ ಸೆಕೆಂಡ್ ಇನ್ನೂ ಕೆಳಗೆ ಇಳಿದದ್ದು ಅದರಿಂದಲೇ. ಅದರ ವಿವರ ಇಲ್ಲಿ ಕೊಡುವುದಿಲ್ಲ, ಈಗ ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಇನ್ನು ಆ ಹ್ಯಾಂಗ್. ವಾಚ್‌ಡಾಗ್ ರೀಸೆಟ್ ಮಾಡಿದ ಮೇಲೆ ಸಾಕ್ಷಿ ಏನೂ ಉಳಿಯುವುದಿಲ್ಲ. ಹಾಗಾಗಿ ಎತ್ತರದ ಪ್ರಯಾರಿಟಿಯ ಒಂದು ಟೈಮರ್ ಇಂಟರಪ್ಟ್ ಇಟ್ಟೆ. ಟಾಸ್ಕ್‌ನ ಹಾರ್ಟ್‌ಬೀಟ್ ನಿಂತರೆ ಅದು ಮೊದಲು ಪಂಪ್ ರಿಲೇ ಆಫ್ ಮಾಡುತ್ತದೆ. ಆಮೇಲೆ ಡಿಬಗರ್ ಇದೆಯಾ ಅಂತ ಡಿಎಚ್‌ಸಿಎಸ್‌ಆರ್ ರಿಜಿಸ್ಟರ್ ನೋಡಿ, ಇದ್ದರೆ ಮಾತ್ರ ಬಿಕೆಪಿಟಿ, ಅಂದರೆ ಚಿಪ್ಪನ್ನು ಅಲ್ಲೇ ನಿಲ್ಲಿಸುವ ಸೂಚನೆ. ಡಿಬಗರ್ ಇಲ್ಲದಾಗ ಅದನ್ನು ಹೊಡೆದರೆ ಹಾರ್ಡ್‌ಫಾಲ್ಟ್ (ಚಿಪ್‌ನ ಗಂಭೀರ ಎರರ್).

ಒಂಬತ್ತನೇ ದಿನ ಸಂಜೆ ಸಿಕ್ಕಿತು. ಸ್ಟಾಕ್ ನೋಡಿದರೆ ಟೈಮರ್ ಹ್ಯಾಂಡ್ಲರ್‌ನ ಕೆಳಗೆ ಫ್ರೀಆರ್‌ಟಿಒಎಸ್‌ನ ವಿ-ಲಿಸ್ಟ್-ಇನ್ಸರ್ಟ್ (ಪಟ್ಟಿಗೆ ಸೇರಿಸುವ) ಫಂಕ್ಷನ್, ಅದರ ಫಾರ್ ಲೂಪ್ ಒಳಗೆ. ಪಟ್ಟಿಯ ಒಂದು ನೋಡ್ ತನ್ನನ್ನೇ ತೋರಿಸುತ್ತಿತ್ತು, ಲೂಪ್ ಮುಗಿಯುವ ಹಾಗೇ ಇರಲಿಲ್ಲ. ಇದನ್ನು ಕಂಡವರಿಗೆ ಕಾರಣ ಗೊತ್ತು. ಇಂಟರಪ್ಟ್‌ಗಳನ್ನು ನೋಡಿಕೊಳ್ಳುವ ಎನ್‌ವಿಐಸಿಯಲ್ಲಿ 38ನೇ ಇಂಟರಪ್ಟ್, ಅಂದರೆ ಯುಸಾರ್ಟ್2 ಸೀರಿಯಲ್ ಪೋರ್ಟ್‌ನ ಪ್ರಯಾರಿಟಿ ಬೈಟ್ ಓದಿದೆ. ಸೊನ್ನೆ! ನಮ್ಮ ಫ್ರೀಆರ್‌ಟಿಒಎಸ್ ಮಿತಿ 5, ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಪ್ರಯಾರಿಟಿ ಎತ್ತರ. ಅದಕ್ಕಿಂತ ಎತ್ತರದ ಇಂಟರಪ್ಟ್‌ನಿಂದ ಕ್ಯೂಗೆ ಕಳಿಸುತ್ತಿದ್ದೆವು, ಅದು ಅಪರೂಪಕ್ಕೊಮ್ಮೆ ಪಟ್ಟಿಯ ಕೆಲಸದ ಮಧ್ಯೆ ನುಗ್ಗುತ್ತಿತ್ತು. ಇಂಥ ತಪ್ಪು ಹಿಡಿಯುವ ಕಾನ್ಫಿಗ್ ಅಸರ್ಟ್ ರಿಲೀಸ್ ಬಿಲ್ಡ್‌ನಲ್ಲಿ ಆಫ್ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮೇಜಿನ ಮೇಲಿನ ಬೋರ್ಡ್‌ಗೆ ಆ ಸೀರಿಯಲ್ ಲೈನ್‌ನಲ್ಲಿ ಅಷ್ಟು ಟ್ರಾಫಿಕ್ ಬರುತ್ತಲೇ ಇರಲಿಲ್ಲ.

ಪ್ರಯಾರಿಟಿ 6 ಮಾಡಿ, ಅಸರ್ಟ್ ಆನ್ ಮಾಡಿ, ಕೂತ ಜಾಗದಿಂದಲೇ ಫ್ಲ್ಯಾಶ್ ಮಾಡಿದೆ. ನಲವತ್ತು ದಿನದ ಮೇಲಾಯಿತು, ಒಂದೂ ರೀಸೆಟ್ ಇಲ್ಲ. ಬಾಕ್ಸ್ ಇನ್ನೂ ಅಲ್ಲೇ ಇದೆ. ಕಸ್ಟಮರ್ ಇನ್ನೆರಡು ಸೈಟ್‌ಗೂ ಇದೇ ಬೇಕು ಅಂದಿದ್ದಾರೆ, ಈ ಸಲ ಮುಂಗಡ ಕೊಟ್ಟಿದ್ದಾರೆ.