ನಾಲ್ಕು ಸೀಟಿನ ವಿಮಾನದಲ್ಲಿ ನಾಲ್ಕೂ ಜನ: ನನ್ನ ಅನುಭವ

ನಾಲ್ಕು ಸೀಟಿನ ವಿಮಾನ ಅಂದರೆ ಇಬ್ಬರು ಮನುಷ್ಯರು, ಎರಡು ಬ್ಯಾಗು, ಫುಲ್ ಟ್ಯಾಂಕ್. ಈ ಮಾತನ್ನು ಕೇಳಿ ಕೇಳಿ ಸಾಕಾಗಿತ್ತು. 160 ಹಾರ್ಸ್‌ಪವರ್‌ನ ಸೆಸ್ನಾ 172ಎನ್‌ನಲ್ಲಿ ನಾಲ್ಕು ಜನ ದೊಡ್ಡವರನ್ನು ಕೂರಿಸಿಕೊಂಡು, ಒಂದು ಕಿಲೋನೂ ಲಿಮಿಟ್ ದಾಟದೆ, ನಾಲ್ಕು ಗಂಟೆ ಚಿಲ್ಲರೆ ದೂರದ ಊರಿಗೆ ಹೋಗಿ ಬರುತ್ತೇನೆ ಅಂದಾಗ ಕ್ಲಬ್ಬಿನಲ್ಲಿ ನಕ್ಕವರೇ ಜಾಸ್ತಿ. ಒಬ್ಬ ಹಿರಿಯ ಇನ್‌ಸ್ಟ್ರಕ್ಟರ್ ಮಾತ್ರ ನಗಲಿಲ್ಲ, "ತೂಕದ ಲೆಕ್ಕದ ಹಾಳೆ ತನ್ನಿ, ನೋಡೋಣ" ಅಂದರು. ತಂದು ತೋರಿಸಿದೆ. ಹೋಗಿಯೂ ಬಂದೆ, ಆಮೇಲೆ ಇನ್ನೂ ಕೆಲವು ಸಲ ಹೋದೆ. ಈಗ ಅದೇ ಹಾಳೆಯ ಕಾಪಿ ಅವರ ಬ್ಯಾಗಿನಲ್ಲೂ ಇದೆ.

ನಾನು ಮಾಡಿದ್ದು ಇಷ್ಟೇ, ಲೆಕ್ಕದ ಕ್ರಮ ತಿರುಗಿಸಿದೆ. ಎಲ್ಲರೂ ಮೊದಲು ಟ್ಯಾಂಕ್ ತುಂಬಿಸುತ್ತಾರೆ, ಆಮೇಲೆ ಯಾರನ್ನು ಬಿಟ್ಟು ಹೋಗೋಣ ಅಂತ ಯೋಚಿಸುತ್ತಾರೆ. ನಾನು ಮೊದಲು ಜನ, ಆಮೇಲೆ ಬ್ಯಾಗು, ಕೊನೆಗೆ ಎಷ್ಟು ಕಿಲೋ ಉಳಿಯುತ್ತದೋ ಅಷ್ಟು ವಿಮಾನದ ಪೆಟ್ರೋಲ್, ಅಂದರೆ ಆವ್‌ಗ್ಯಾಸ್ ಅಂತ ಇಟ್ಟುಕೊಂಡೆ. ಆ ಆವ್‌ಗ್ಯಾಸ್‌ಗೆ ಎಷ್ಟು ದೂರ ಸಿಗುತ್ತದೋ ಅಷ್ಟೇ ಒಂದು ಲೆಗ್, ಅಂದರೆ ಇಳಿಯದೆ ಹಾರುವ ಒಂದು ಹಂತ. ದೂರ ಸಾಲದಿದ್ದರೆ ಮಧ್ಯೆ ಇಳಿದು ತುಂಬಿಸಿಕೊಳ್ಳುವುದು. ಇದರಲ್ಲೇನು ದೊಡ್ಡ ವಿದ್ಯೆ ಅಂತ ಕೇಳಬಹುದು. ವಿದ್ಯೆ ಇಲ್ಲ, ತಲೆನೋವು ಇದೆ.

ನೆನಪಿನಿಂದ ಹೇಳುತ್ತೇನೆ, ಅಂದಾಜು. ಮ್ಯಾಕ್ಸಿಮಮ್ 2,300 ಪೌಂಡು, ಅಂದರೆ 1,043 ಕಿಲೋ. ನಮ್ಮ ವಿಮಾನದ ಖಾಲಿ ತೂಕ 657ರ ಆಸುಪಾಸು, ಬಳಸಲಾಗದ ಇಂಧನ ಮತ್ತು ಆಯಿಲ್ ಅದರಲ್ಲೇ ಸೇರಿದೆ. ಉಳಿದದ್ದು 386. ಸ್ಟ್ಯಾಂಡರ್ಡ್ ಟ್ಯಾಂಕ್ ಫುಲ್ ಮಾಡಿದರೆ ಬಳಸಬಹುದಾದ 40 ಗ್ಯಾಲನ್, ಸುಮಾರು 109 ಕಿಲೋ ಹೋಯಿತು. ಮಿಕ್ಕ 277ರಲ್ಲಿ ನಾಲ್ಕು ಜನ ದೊಡ್ಡವರು ಕೂರುವುದು ಕನಸೇ ಸರಿ. ನಮ್ಮ ನಾಲ್ವರದ್ದು ಬಟ್ಟೆ ಶೂ ಸಮೇತ 290, ಬ್ಯಾಗು 14. ಹಾಗಾಗಿ ಇಂಧನಕ್ಕೆ 82 ಕಿಲೋ, ಲೀಟರಿಗೆ 0.72 ಹಿಡಿದರೆ 113 ಲೀಟರ್. ಗಂಟೆಗೆ 32 ಕುಡಿಯುತ್ತದೆ ಅಂದುಕೊಂಡರೂ ಮೂರೂವರೆ ಗಂಟೆ. ನೆಲದ ಮೇಲಿನ ಓಟ (ಟ್ಯಾಕ್ಸಿ), ಮೇಲೇರುವುದು (ಕ್ಲೈಂಬ್) ಕಳೆದು, ಒಂದು ಪೂರ್ತಿ ಗಂಟೆ ರಿಸರ್ವ್ ಇಟ್ಟರೂ ಎರಡು ಗಂಟೆಯ ಲೆಗ್ ಆರಾಮಾಗಿ ಸಿಗುತ್ತದೆ. ಹಗಲಿಗೆ ಅರ್ಧ ಗಂಟೆ, ರಾತ್ರಿಗೆ ಮುಕ್ಕಾಲು ಗಂಟೆ ಸಾಕು ಅನ್ನುವ ನಿಯಮಗಳಿವೆ. ಟ್ಯಾಂಕ್ ಪೂರ್ತಿ ತುಂಬಿಸದ ಆಟ ಆಡುವವನು ಅಷ್ಟಕ್ಕೆ ನಿಲ್ಲಬಾರದು.

ಇಷ್ಟು ಸುಲಭ ಆಗಿದ್ದರೆ ಮೊದಲ ಪ್ರಯತ್ನದಲ್ಲೇ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಟ್ಯಾಂಕ್ ಕುತ್ತಿಗೆವರೆಗೆ ತುಂಬಿತ್ತು. ಹಿಂದಿನ ದಿನ ಹಾರಿಸಿದವರು ಕ್ಲಬ್ಬಿನ ಪದ್ಧತಿಯಂತೆ ಫುಲ್ ಮಾಡಿಸಿ ಹೋಗಿದ್ದರು. ತೆಗೆಸೋಣ ಅಂದರೆ ತೆಗೆದ ಆವ್‌ಗ್ಯಾಸನ್ನು ವಾಪಸ್ ಯಾರೂ ತಗೊಳ್ಳುವುದಿಲ್ಲ, ತೆಗೆಯುವ ಕೂಲಿ ಬೇರೆ. ಒಬ್ಬ ಗೆಳೆಯ ಕೆಳಗೇ ಉಳಿದ. ಇನ್ನೊಂದು ಸಲ ಫುಲ್ ಮಾಡಬೇಡಿ ಅಂತ ಚೀಟಿ ಅಂಟಿಸಿದ್ದೆ. ಚೀಟಿ ಇತ್ತು, ಟ್ಯಾಂಕೂ ಫುಲ್ ಇತ್ತು. ಕೊನೆಗೆ ದಾರಿ ಕಂಡದ್ದು ಬುಕಿಂಗ್‌ನಲ್ಲಿ. ನನಗಿಂತ ಮುಂಚಿನ ಸ್ಲಾಟ್ ಯಾರದ್ದು ಅಂತ ನೋಡಿಕೊಂಡು ಮಾತಾಡುತ್ತೇನೆ, ಅವರು ತುಂಬಿಸದೆ ಬಿಟ್ಟ ಇಂಧನದ ಲೆಕ್ಕವನ್ನು ಆಮೇಲೆ ಸರಿ ಮಾಡಿಕೊಳ್ಳುತ್ತೇವೆ. ಯಾರ ಜೊತೆ ಹೇಗೆ ಮಾತಾಡಿ ಒಪ್ಪಿಸಬೇಕು ಅನ್ನುವುದು ನನ್ನ ಗುಟ್ಟು, ಅದನ್ನು ಇಲ್ಲಿ ಬರೆಯಲ್ಲ.

ಎರಡನೇ ತಲೆನೋವು, ಟ್ಯಾಂಕಿನಲ್ಲಿ ನಿಜಕ್ಕೂ ಎಷ್ಟಿದೆ ಅನ್ನುವುದು. ಫುಲ್ ಇದ್ದರೆ ಕಣ್ಣಿಗೆ ಕಾಣುತ್ತದೆ, 113 ಲೀಟರ್ ಕಣ್ಣಿಗೆ ಕಾಣಲ್ಲ. ಗೇಜನ್ನು ನಂಬುವವರು ಯಾರೂ ಇದನ್ನು ಓದುತ್ತಿಲ್ಲ ಅಂದುಕೊಳ್ಳುತ್ತೇನೆ. ನಾನು ಮರದ ಪಟ್ಟಿ ಮಾಡಿಕೊಂಡೆ. ಮೆಕ್ಯಾನಿಕ್ ಬೇರೆ ಕೆಲಸಕ್ಕೆ ಟ್ಯಾಂಕ್ ಖಾಲಿ ಮಾಡಿದ ದಿನ ಕಾದಿದ್ದು, ಹತ್ತತ್ತು ಲೀಟರ್ ಹಾಕಿಸಿ, ಪ್ರತಿ ಸಲ ಪಟ್ಟಿ ಇಳಿಸಿ, ಒದ್ದೆ ಆರುವ ಮೊದಲೇ ಚಾಕುವಿನಿಂದ ಗೀಟು ಹಾಕಿದೆ. ಎಡಕ್ಕೊಂದು ಬದಿ, ಬಲಕ್ಕೊಂದು ಬದಿ. ಎರಡರ ಗೀಟುಗಳು ಒಂದೇ ಜಾಗಕ್ಕೆ ಬರಲಿಲ್ಲ, ಬೆರಳಿನಗಲ ವ್ಯತ್ಯಾಸ ಇತ್ತು. ಮೊದಲ ಇಪ್ಪತ್ತು ಲೀಟರಿಗೆ ಪಟ್ಟಿಯ ತುದಿಯೇ ಒದ್ದೆ ಆಗಲಿಲ್ಲ. ಅಂದರೆ ಪಟ್ಟಿ ಒಣಗಿ ಬಂದರೂ ಒಳಗೆ ಸ್ವಲ್ಪ ಇರಬಹುದು, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಲ್ಲ. ಪಕ್ಕದ ವಿಮಾನದವರು ಪಟ್ಟಿ ಎರವಲು ಕೇಳಿದರು, ಕೊಡಲಿಲ್ಲ. ಜಿಪುಣತನ ಅಲ್ಲ, ಅವರದ್ದು ಲಾಂಗ್‌ರೇಂಜ್ ಟ್ಯಾಂಕು, ನನ್ನ ಗೀಟು ಅಲ್ಲಿ ಸುಳ್ಳು ಹೇಳುತ್ತದೆ. ಇನ್ನೊಂದು ವಿಷಯ, 172 ಇಳಿಜಾರಿನಲ್ಲಿ ನಿಂತಿದ್ದರೆ ಯಾವ ಟ್ಯಾಂಕಿಂದ ಇಂಧನ ಬರಬೇಕು ಅಂತ ಆರಿಸುವ ಸೆಲೆಕ್ಟರನ್ನು 'ಬೋತ್'ನಲ್ಲಿ (ಎರಡೂ ಟ್ಯಾಂಕ್) ಬಿಡಬೇಡಿ. ರಾತ್ರಿಯಿಡೀ ಮೇಲಿನ ಟ್ಯಾಂಕಿಂದ ಕೆಳಗಿನದಕ್ಕೆ ಹರಿದು, ಬೆಳಗ್ಗೆ ನಿಮ್ಮ ಪಟ್ಟಿಯ ಲೆಕ್ಕವೆಲ್ಲ ಕಲಸುಮೇಲೋಗರ ಆಗಿರುತ್ತದೆ.

ಪೌಂಡು, ಕಿಲೋ, ಗ್ಯಾಲನ್, ಲೀಟರ್ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಇಡಬೇಡಿ. 1983ರಲ್ಲಿ ಏರ್ ಕೆನಡಾದ 767 ಆಕಾಶದಲ್ಲೇ ಇಂಧನ ಮುಗಿದು ಗಿಮ್ಲಿಯಲ್ಲಿ ಗ್ಲೈಡ್ ಆಗಿ ಇಳಿದದ್ದು ಇದೇ ಪೌಂಡು-ಕಿಲೋ ಗೊಂದಲದಿಂದ. ನಾನು ಪುಸ್ತಕದ ಅಂಕಿಗಳನ್ನೆಲ್ಲ ಒಂದೇ ಸಲ ಕಿಲೋಗೆ ತಂದು, ಹಳೆಯದನ್ನು ಹರಿದು ಹಾಕಿದೆ.

ದುಡ್ಡು ಹೋದದ್ದು ವಿಮಾನದ ತೂಕಕ್ಕೆ. ಕಾಗದದಲ್ಲಿ ನಮ್ಮದು 650 ಕಿಲೋ ಇತ್ತು. ಅದು ವರ್ಷಗಟ್ಟಲೆ ಕೂಡಿಸಿ ಕಳೆದು ಬಂದ ಅಂಕಿ, ಯಾರೂ ತಕ್ಕಡಿ ಮೇಲೆ ಇಟ್ಟಿರಲಿಲ್ಲ. ಸುಮ್ನೆ ಯಾಕೆ ಅನುಮಾನ ಅಂತ ತೂಗಿಸಿದೆವು, ಮೂರು ಚಕ್ರದ ಕೆಳಗೆ ಮೂರು ತಕ್ಕಡಿ. ಎರಡು ಗಂಟೆ ಹಾರಾಟದ ಬಾಡಿಗೆಯಷ್ಟು ಖರ್ಚಾಯಿತು. ಬಂದದ್ದು 664! ಹದಿನಾಲ್ಕು ಕಿಲೋ, ಅಂದರೆ ನನ್ನ ಪೂರ್ತಿ ಬ್ಯಾಗೇಜು. ಪಾಲುದಾರರೊಬ್ಬರಿಗೆ ಸಿಟ್ಟೇ ಬಂತು, ದುಡ್ಡು ಕೊಟ್ಟು ತೂಕ ಜಾಸ್ತಿ ಮಾಡಿಸಿಕೊಂಡಿರಿ ಅಂದರು. ಆಮೇಲೆ ಹಳೆಯ ಎಡಿಎಫ್ (ದಿಕ್ಕು ತೋರಿಸುವ ರೇಡಿಯೋ), ಅದರ ಆಂಟೆನಾ, ಎಲ್ಲಿಗೂ ಹೋಗದ ವೈರುಗಳು ಹೊರಗೆ ಬಂದವು. ಹಗುರ ಸ್ಟಾರ್ಟರ್ ಹಾಕಿಸಿದೆವು, ಅದೊಂದರಲ್ಲೇ ನಾಲ್ಕು ಕಿಲೋ ಹತ್ತಿರ, ಆದರೆ ಕಿಲೋ ಲೆಕ್ಕದಲ್ಲಿ ಬಹಳ ದುಬಾರಿ. ಅದೂ ಅಲ್ಲದೆ ಮೂತಿಯಿಂದ ತೂಕ ತೆಗೆದರೆ ಸಿಜಿ, ಅಂದರೆ ವಿಮಾನದ ಗುರುತ್ವ ಕೇಂದ್ರ, ಹಿಂದಕ್ಕೆ ಹೋಗುತ್ತದೆ, ಇದನ್ನು ಮಾರುವವರು ಹೇಳಲ್ಲ. ಹೀಗೆ 657ಕ್ಕೆ ಬಂದು ನಿಂತಿತು, ಮೆಕ್ಯಾನಿಕ್ ಹೊಸ ಹಾಳೆಗೆ ಸಹಿ ಹಾಕಿದರು. ಬ್ಯಾಗೇಜ್ ಜಾಗದಲ್ಲಿ ಖಾಯಂ ಮಲಗಿದ್ದ ಟೋ ಬಾರ್ (ವಿಮಾನ ಎಳೆಯುವ ಕೋಲು), ಕವರ್, ಆಯಿಲ್ ಡಬ್ಬಗಳು ಆರೇಳು ಕಿಲೋ ಇದ್ದವು. ಅವನ್ನು ಇಳಿಸಲು ಒಂದು ಪೈಸೆ ಖರ್ಚಿಲ್ಲ.

ಗಾಳಿ ಸೀಳಲು ಚಕ್ರಕ್ಕೆ ಹಾಕಿದ ಹೊದಿಕೆ, ಅಂದರೆ ಫೇರಿಂಗ್ ತೆಗೆದೂ ನೋಡಿದೆ. ಏಳೆಂಟು ಕಿಲೋ ಉಳಿಯಿತು, ಒಂದೆರಡು ನಾಟ್ ವೇಗ ಹೋಯಿತು. ನಾಲ್ಕು ಜನ ಹೋಗುವಾಗ ಲಾಭ, ಒಬ್ಬರೇ ಹೋಗುವಾಗ ನಷ್ಟ. ಪ್ರತಿ ಸಲ ಬಿಚ್ಚಿ ಹಾಕಿ ಹಾಳೆ ಬದಲಿಸುವ ತಾಳ್ಮೆ ಇಲ್ಲದೆ ವಾಪಸ್ ಹಾಕಿಸಿದೆ. ಲಾಭ ಸಿಕ್ಕಿದ್ದು ಲೀನ್ ಮಾಡುವುದರಲ್ಲಿ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿ-ಇಂಧನ ಮಿಶ್ರಣದಲ್ಲಿ ಇಂಧನ ಕಮ್ಮಿ ಮಾಡುವುದರಲ್ಲಿ. 65% ಪವರ್‌ಗೆ ಇಳಿಸಿ ಸರಿಯಾಗಿ ಲೀನ್ ಮಾಡಿದರೆ ಗಂಟೆಗೆ 28 ಲೀಟರ್ ಆಚೀಚೆ. ಆ ಉಳಿತಾಯವನ್ನು ಪ್ಲಾನಿನಲ್ಲಿ ಹಾಕಲ್ಲ, 32 ಅಂತಲೇ ಹಾಕುತ್ತೇನೆ. ಎದುರುಗಾಳಿ ಬಂದಾಗ ಅದೇ ಕೈಹಿಡಿಯುತ್ತದೆ.

ಜನರ ತೂಕ ಕೇಳಿದರೆ ಕಾಲೇಜಿನಲ್ಲಿದ್ದಾಗಿನ ತೂಕ ಹೇಳುತ್ತಾರೆ. ಸರಾಸರಿ ಹಿಡಿಯೋಣ ಅನ್ನುವವರಿಗೆ ನಾನು 2003ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಾದ ವಿಮಾನ ಅಪಘಾತ ನೆನಪಿಸುತ್ತೇನೆ. ಏರ್ ಮಿಡ್‌ವೆಸ್ಟ್‌ನ ಬೀಚ್ 1900ಡಿ, 21 ಜನ ಹೋದರು. ಮೂತಿ ಏರಿಸಿ ಇಳಿಸುವ ಬಾಲದ ರೆಕ್ಕೆಯ (ಎಲಿವೇಟರ್) ಕೇಬಲ್ ತಪ್ಪಾಗಿ ಹೊಂದಿಸಿದ್ದು ಒಂದು ಕಡೆ, ಸಿಜಿ ಲಿಮಿಟ್‌ಗಿಂತ ಹಿಂದಿದ್ದದ್ದು ಇನ್ನೊಂದು ಕಡೆ. ಕಾಗದದಲ್ಲಿ ಎಲ್ಲ ಸರಿ ಇತ್ತು, ಯಾಕೆಂದರೆ ಅದು ಸರಾಸರಿ ತೂಕ. ಆಮೇಲೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಸರಾಸರಿಯನ್ನೇ ಏರಿಸಿತು. ನಾಲ್ಕು ಜನರಲ್ಲಿ ಸರಾಸರಿ ಅನ್ನುವುದಕ್ಕೆ ಅರ್ಥವೇ ಇಲ್ಲ. ನಾನು ಬಾತ್‌ರೂಮ್ ತಕ್ಕಡಿ ತಂದು, ಬ್ಯಾಗು ಹಿಡಿದುಕೊಂಡೇ ಹತ್ತಿಸುತ್ತೇನೆ. ಯಾವುದು ಬ್ಯಾಗು ಯಾವುದು ಹೊಟ್ಟೆ ಅಂತ ಬೇರೆಯವರಿಗೆ ಗೊತ್ತಾಗಲ್ಲ, ಯಾರಿಗೂ ಮುಜುಗರ ಇಲ್ಲ. ಬ್ಯಾಗನ್ನು ಮಾತ್ರ ಆಮೇಲೆ ನಾನೊಬ್ಬನೇ ತೂಗಿ ಕಳೆದುಕೊಳ್ಳುತ್ತೇನೆ, ಬ್ಯಾಲೆನ್ಸ್‌ಗೆ ಬೇಕಲ್ಲ.

ಸಿಜಿ ಬಗ್ಗೆ ಹೆದರಿಸಿದವರು ಬಹಳ. ಭಾರದವರು ಮುಂದೆ, ಹಗುರದವರು ಹಿಂದೆ ಕೂತಾಗ ನನಗೆ ಎಂಜಿನ್ ಹಿಂದಿನ ಗೋಡೆಯಿಂದ ಅಳೆದು 44.7 ಇಂಚು ಬಂತು, ಹಿಂದಿನ ಲಿಮಿಟ್ 47.3. ಭಾರದವರನ್ನೇ ಹಿಂದೆ ಹಾಕಿದರೂ 46 ದಾಟಲಿಲ್ಲ. 172ರಲ್ಲಿ ಕೆಡಿಸುವುದು ಬ್ಯಾಗೇಜು, 95 ಇಂಚಿನಲ್ಲಿ ಕೂತ 54 ಕಿಲೋ ಹಿಂದಿನ ಸೀಟಿನ ಒಬ್ಬರಿಗಿಂತ ಹೆಚ್ಚು ಎಳೆಯುತ್ತದೆ. ಇಂಧನ 48ರಲ್ಲಿದೆ, ಉರಿದಂತೆ ಸಿಜಿ ಕೊಂಚ ಮುಂದಕ್ಕೇ ಬರುತ್ತದೆ. ಬೊನಾಂಜಾದಂಥ ಬೇರೆ ವಿಮಾನ ಹಾರಿಸುವವರು ಇದನ್ನು ನಕಲು ಮಾಡಬೇಡಿ. ಅಲ್ಲಿ ಉರಿದಂತೆ ಹಿಂದಕ್ಕೆ ಹೋಗುತ್ತದೆ, ಇಳಿಯುವ ಹೊತ್ತಿನ ಲೆಕ್ಕ ಬೇರೆಯೇ ಹಾಕಬೇಕು.

ಟೇಕಾಫ್‌ಗೆ ಬೇಕಾಗುವ ದೂರ ಲೆಕ್ಕ ಹಾಕಲು ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸಿಎಎ ಕೊಡುವ ಗುಣಕಗಳೇ ನನಗೆ ಹಿಡಿಸಿದ್ದು. ತೂಕ 10% ಏರಿದರೆ 1.2, ಪ್ರತಿ 10 ಡಿಗ್ರಿ ಶಾಖಕ್ಕೆ 1.1, ಪ್ರತಿ 1,000 ಅಡಿ ಎತ್ತರಕ್ಕೆ 1.1, ಒಣ ಹುಲ್ಲಿಗೆ 1.2. ಇವನ್ನು ಕೂಡಿಸಬಾರದು, ಗುಣಿಸಬೇಕು. ಸಮುದ್ರಮಟ್ಟದಲ್ಲಿ ಫುಲ್ ತೂಕಕ್ಕೆ 50 ಅಡಿ ಎತ್ತರ ದಾಟಲು ಬೇಕಾಗುವ 440 ಮೀಟರು ಬಿಸಿಲು, ಎತ್ತರ, ಹುಲ್ಲು ಸೇರಿದರೆ 640 ಆಗುತ್ತದೆ, ಅದರ ಮೇಲೆ 1.33 ಸುರಕ್ಷತೆಗೆ. ಹಾಗಾಗಿ ನಾಲ್ಕು ಜನ ಇದ್ದರೆ ಬೆಳಗ್ಗೆಯೇ ಹೊರಡುತ್ತೇನೆ, ಮಧ್ಯದ ನಿಲುಗಡೆಯಲ್ಲಿ ಹುಲ್ಲಿನ ಸ್ಟ್ರಿಪ್ ಆರಿಸಲ್ಲ. ಅಲ್ಲೂ ಫುಲ್ ಮಾಡಿಸುವಂತಿಲ್ಲ ನೋಡಿ, ಮತ್ತೆ ಅದೇ 113ರವರೆಗೆ ಮಾತ್ರ. ಇಂಧನ ಹಾಕುವವರು ಏಣಿ ಹತ್ತಿದರೆ ಪಟ್ಟಿ ಹಿಡಿದು ನಾನೂ ಹತ್ತುತ್ತೇನೆ.

ಖರ್ಚು? ನಿಲುಗಡೆಯಿಂದ ಒಂದು ಲ್ಯಾಂಡಿಂಗ್ ಫೀ, ಎಂಜಿನ್ ಹೊತ್ತಿನ ಹದಿನೈದು ನಿಮಿಷ ಜಾಸ್ತಿ, ಒಟ್ಟು ನಲವತ್ತು ನಿಮಿಷ ತಡ. ಇಲ್ಲದಿದ್ದರೆ ಎರಡು ವಿಮಾನ ಬೇಕಿತ್ತು. ನಾಲ್ಕು ಪಾಲು ಮಾಡಿದಾಗ ತಲೆಗೆ ಬಿದ್ದದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು. ತೂಗಿಸಿದ ದುಡ್ಡು ಮೊದಲ ಪ್ರಯಾಣದಲ್ಲೇ ವಾಪಸ್ ಬಂತು, ಸ್ಟಾರ್ಟರಿನದ್ದು ಇನ್ನೂ ಬಂದಿಲ್ಲ. ಹಾಳೆಯಲ್ಲಿ ನಾನು ಕೊನೆಗೆ ಬಿಡುವ ಮಾರ್ಜಿನ್ ಎಷ್ಟು, ಅದನ್ನು ಹೇಗೆ ತೆಗೆಯುತ್ತೇನೆ ಅಂತ ಕೇಳಬೇಡಿ, ನಿಮ್ಮ ವಿಮಾನಕ್ಕೆ ನಿಮ್ಮದೇ ಕಂಡುಕೊಳ್ಳಿ.

ಮುಂದಿನದ್ದು ಇನ್ನೊಂದು ನಾಲ್ಕು ಸೀಟಿನ ವಿಮಾನ, ಪೈಪರ್ ಆರ್ಚರ್. ಅದರ ಟ್ಯಾಂಕಿನೊಳಗೇ 17 ಗ್ಯಾಲನ್ ಮಟ್ಟ ತೋರಿಸುವ ಗುರುತಿನ ಪಟ್ಟಿ (ಟ್ಯಾಬ್) ಇದೆ, ಎರಡೂ ಸೇರಿ 34, ಅಂದರೆ 129 ಲೀಟರ್. ಅಷ್ಟರ ಮಟ್ಟಿಗೆ ಮರದ ಪಟ್ಟಿಯ ಕೆಲಸ ಉಳಿಯಿತು. ಆದರೆ 'ಬೋತ್' ಇಲ್ಲ, ಅರ್ಧ ಗಂಟೆಗೊಮ್ಮೆ ಟ್ಯಾಂಕ್ ಬದಲಿಸುತ್ತಿರಬೇಕು. ತೂಗಿಸೋಣ ಅಂತ ಮಾಲೀಕರಿಗೆ ಹೇಳಿದ್ದೇನೆ, 664ರ ಕಥೆ ಕೇಳಿದ ಮೇಲೆ ಅವರು ಫೋನ್ ಎತ್ತುತ್ತಿಲ್ಲ.